ಸೋತವರಿಗೊಂದು ದಾರಿ ಬೇಕು

1992ರ ಮೇ 30. ಕಾಂಬೋಡಿಯಾದ ಪಶ್ಚಿಮ ಅಂಚಿನಲ್ಲಿ, ರತ್ನದ ಗಣಿಗಳಿಗೆ ಹೆಸರಾದ ಪೈಲಿನ್ ಕಡೆಗೆ ಹೋಗುವ ರಸ್ತೆಯಲ್ಲಿ ವಿಶ್ವಸಂಸ್ಥೆಯ ವಾಹನಗಳು ನಿಂತುಬಿಟ್ಟವು. ಒಳಗಿದ್ದವರು ಸಣ್ಣವರಲ್ಲ. ಒಬ್ಬರು ಆ ದೇಶಕ್ಕೆ ವಿಶ್ವಸಂಸ್ಥೆ ಕಳುಹಿಸಿದ್ದ ಇಡೀ ತಂಡದ ಮುಖ್ಯಸ್ಥ, ಜಪಾನಿನ ಯಸುಶಿ ಅಕಾಶಿ. ಇನ್ನೊಬ್ಬರು ಅದರ ಸೇನಾ ಮುಖ್ಯಸ್ಥ, ಆಸ್ಟ್ರೇಲಿಯಾದ ಲೆಫ್ಟಿನೆಂಟ್ ಜನರಲ್ ಜಾನ್ ಸ್ಯಾಂಡರ್ಸನ್. ರಸ್ತೆಗೆ ಅಡ್ಡಲಾಗಿ ಒಂದು ಬಿದಿರಿನ ಗಳ, ಅದನ್ನು ಕಾಯುತ್ತಿದ್ದ ಖ್ಮೇರ್ ರೂಜ್‌ನ ಬೆರಳೆಣಿಕೆಯ ಸೈನಿಕರು. ಗಳ ಎತ್ತಲು ಅವರು ಒಪ್ಪಲಿಲ್ಲ. ಸ್ವಲ್ಪ ಹೊತ್ತು ಮಾತುಕತೆ ನಡೆದು, ವಾಹನಗಳು ಬಂದ ದಾರಿಯಲ್ಲೇ ಹಿಂದಿರುಗಿದವು.

ಇಪ್ಪತ್ತೆರಡು ಸಾವಿರ ಜನರ ತಂಡ ಕಟ್ಟುತ್ತಿದ್ದ ವಿಶ್ವಸಂಸ್ಥೆಯನ್ನು ಒಂದು ಬಿದಿರು ತಡೆಯಿತು ಎಂಬ ಗೇಲಿ ಅಲ್ಲಿಂದ ಶುರುವಾಯಿತು. ಸ್ಯಾಂಡರ್ಸನ್ ಕೈಕೆಳಗಿದ್ದ ಫ್ರೆಂಚ್ ಜನರಲ್ ಮಿಶೆಲ್ ಲೊರಿದಾನ್ ಬಲ ಬಳಸಿಯೇ ಮುಂದೆ ಹೋಗಬೇಕೆಂದು ವಾದಿಸಿದರು. ಬಹಳ ದಿನ ಆ ಹುದ್ದೆಯಲ್ಲಿ ಉಳಿಯಲಿಲ್ಲ. ಗೇಲಿ ಮಾಡಿದವರಿಗೆ ನೆನಪಿರದಿದ್ದ ಸಂಗತಿ ಎಂದರೆ, ಆ ತಂಡ ಬಂದಿದ್ದು ಯುದ್ಧ ಮಾಡಲಿಕ್ಕಲ್ಲ, ಮತದಾನ ನಡೆಸಲಿಕ್ಕೆ. ಗಳ ಮುರಿದು ಒಳನುಗ್ಗಿದ್ದರೆ ಪೈಲಿನ್ ಸಿಗುತ್ತಿತ್ತೋ ಏನೋ, ಚುನಾವಣೆಯಂತೂ ಸಿಗುತ್ತಿರಲಿಲ್ಲ.

ಯುದ್ಧದಿಂದ ಆಗತಾನೆ ಹೊರಬಂದ ದೇಶದಲ್ಲಿ ಚುನಾವಣೆ ಎಂದರೆ ನಮ್ಮ ಕಣ್ಣಿಗೆ ಮೊದಲು ಬೀಳುವುದು ಮತಪೆಟ್ಟಿಗೆ, ಉದ್ದನೆಯ ಸಾಲು, ಶಾಯಿ ಹಚ್ಚಿದ ಬೆರಳು. ಅವೆಲ್ಲ ಕಷ್ಟವೇ, ಆದರೆ ದುಡ್ಡು, ಜನ, ಹೆಲಿಕಾಪ್ಟರ್ ಇದ್ದರೆ ಆಗುವ ಕೆಲಸ. ಆಗದ ಕೆಲಸ ಬೇರೆಯದು: ಬಂದೂಕು ಇಟ್ಟುಕೊಂಡವನನ್ನು, ಸೋತರೂ ಬದುಕಬಹುದು ಎಂದು ನಂಬಿಸುವುದು. ಇಂಥ ಚುನಾವಣೆಗಳಲ್ಲಿ ಗೆಲ್ಲುವವನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ, ಅವನು ಹೇಗೂ ಫಲಿತಾಂಶವನ್ನು ಒಪ್ಪುತ್ತಾನೆ. ತಯಾರಿಯೆಲ್ಲ ನಡೆಯಬೇಕಾದ್ದು ಸೋಲುವವನ ಸಲುವಾಗಿ. ಕಾಂಬೋಡಿಯಾ ಇದನ್ನು ಬಹಳ ದುಬಾರಿ ಬೆಲೆಗೆ ತೋರಿಸಿಕೊಟ್ಟಿತು. ಆ ಕಾರ್ಯಾಚರಣೆಗೆ ತಗುಲಿದ್ದು ಸುಮಾರು 160 ಕೋಟಿ ಡಾಲರ್.

ಹಿನ್ನೆಲೆ ಚುಟುಕಾಗಿ ಹೀಗಿದೆ. 1975ರಿಂದ 1979ರವರೆಗೆ ಪೊಲ್ ಪಾಟ್‌ನ ಖ್ಮೇರ್ ರೂಜ್ ಆಳ್ವಿಕೆಯಲ್ಲಿ ಹದಿನೈದು ಲಕ್ಷಕ್ಕೂ ಹೆಚ್ಚು ಜನ ಹಸಿವು, ದುಡಿತ, ಕೊಲೆಗಳಿಗೆ ಬಲಿಯಾದರು. 1979ರ ಜನವರಿಯಲ್ಲಿ ವಿಯೆಟ್ನಾಂ ಸೇನೆ ನೊಮ್ ಪೆನ್ ಹಿಡಿದು ತನ್ನ ಬೆಂಬಲದ ಸರ್ಕಾರವನ್ನು ಕೂರಿಸಿತು. 1985ರಿಂದ ಅದರ ಪ್ರಧಾನಿ ಹುನ್ ಸೆನ್. ಥಾಯ್ಲೆಂಡ್ ಗಡಿಯಿಂದ ಆ ಸರ್ಕಾರದ ವಿರುದ್ಧ ಹೋರಾಡುತ್ತಿದ್ದವು ಮೂರು ಬಣಗಳು: ಖ್ಮೇರ್ ರೂಜ್, ರಾಜಕುಮಾರ ಸಿಹಾನೂಕ್ ಕಡೆಯವರು, ಮಾಜಿ ಪ್ರಧಾನಿ ಸೊನ್ ಸಾನ್ ಕಡೆಯವರು. 1991ರ ಅಕ್ಟೋಬರ್ 23ರಂದು ಪ್ಯಾರಿಸ್‌ನಲ್ಲಿ ಈ ನಾಲ್ವರೂ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಸಹಿ ಹಾಕಿದ ದೇಶಗಳಲ್ಲಿ ಭಾರತವೂ ಇತ್ತು. ಮುಂದೆ ನಮ್ಮ ಸೇನೆಯ ಒಂದು ಪದಾತಿ ದಳವೂ ವೈದ್ಯಕೀಯ ತಂಡವೂ ಅಲ್ಲಿಗೆ ಹೋದವು.

ಸ್ವತಂತ್ರ ದೇಶವೊಂದರ ಚುನಾವಣೆಗೆ ವೀಕ್ಷಕರನ್ನು ಕಳುಹಿಸುವುದು ವಿಶ್ವಸಂಸ್ಥೆಗೆ ಹೊಸದಲ್ಲ. ಆದರೆ ಕಾನೂನು ಬರೆಯುವುದರಿಂದ ಹಿಡಿದು ಮತ ಎಣಿಸುವವರೆಗೆ ಎಲ್ಲವನ್ನೂ ತಾನೇ ನಡೆಸಿದ್ದು ಅದೇ ಮೊದಲು. ಚುನಾವಣಾ ವಿಭಾಗದ ಹೊಣೆ ಜಿಂಬಾಬ್ವೆಯ ಕಾನೂನು ಪ್ರಾಧ್ಯಾಪಕ ರೆಜಿನಾಲ್ಡ್ ಆಸ್ಟಿನ್ ಅವರದು. ಅವರ ಮುಂದಿದ್ದ ದೇಶದಲ್ಲಿ ಸೇತುವೆಗಳು ಮುರಿದಿದ್ದವು, ಗದ್ದೆಗಳಲ್ಲಿ ನೆಲಬಾಂಬ್‌ಗಳಿದ್ದವು, ನಂಬಬಹುದಾದ ಜನಗಣತಿ ಇರಲಿಲ್ಲ. ಮತದಾರರ ಪಟ್ಟಿಯನ್ನು ಪರಿಷ್ಕರಿಸುವ ಮಾತೇ ಇಲ್ಲ, ಮೊದಲ ಹೆಸರಿನಿಂದ ಬರೆಯಬೇಕಿತ್ತು.

1992ರ ಅಕ್ಟೋಬರ್ 5ರಂದು ನೋಂದಣಿ ಶುರುವಾಯಿತು. ದೋಣಿಯಲ್ಲಿ, ಹೆಲಿಕಾಪ್ಟರ್‌ನಲ್ಲಿ, ಎತ್ತಿನ ಗಾಡಿ ಹೋಗುವ ದಾರಿಯಲ್ಲಿ ತಂಡಗಳು ಹಳ್ಳಿಗಳನ್ನು ತಲುಪಿದವು. ಮರದ ನೆರಳಿಗೆ ಒಂದು ಮೇಜು, ಒಂದು ಪೊಲರಾಯ್ಡ್ ಕ್ಯಾಮೆರಾ. ಹೆಸರು ಹೇಳಿ, ಊರು ಹೇಳಿ, ಕ್ಯಾಮೆರಾ ಮುಂದೆ ಕೂತರೆ ಅಲ್ಲೇ ಫೋಟೊ ಹೊರಬರುತ್ತದೆ. ಅದನ್ನು ಕಾರ್ಡಿಗೆ ಅಂಟಿಸಿ, ಪ್ಲಾಸ್ಟಿಕ್ ಹೊದಿಸಿ ಕೈಗೆ ಕೊಡುತ್ತಾರೆ. ಖ್ಮೇರ್ ರೂಜ್ ಕಾಲದಲ್ಲಿ ಓದಿದವನೆಂದೋ ಪಟ್ಟಣದವನೆಂದೋ ಗೊತ್ತಾದರೆ ಜೀವಕ್ಕೇ ಅಪಾಯವಿದ್ದುದರಿಂದ, ತಮ್ಮ ನಿಜವಾದ ಗುರುತನ್ನು ಮರೆಮಾಚಿಯೇ ಬದುಕಿ ಉಳಿದವರು ಆ ಸಾಲಿನಲ್ಲಿದ್ದರು. ಅನೇಕರಿಗೆ ತಮ್ಮ ಮುಖವಿರುವ ಮೊದಲ ದಾಖಲೆ ಅದು. ಜನವರಿ ಮುಗಿಯುವಷ್ಟರಲ್ಲಿ ಸುಮಾರು 47 ಲಕ್ಷ ಮಂದಿ ನೋಂದಾಯಿಸಿದ್ದರು. ಸುಮಾರು 90 ಲಕ್ಷ ಜನಸಂಖ್ಯೆಯ, ಅದರಲ್ಲೂ ಮಕ್ಕಳೇ ತುಂಬಿದ ದೇಶದಲ್ಲಿ ಅರ್ಹರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಂದಂತೆಯೇ.

ಯಾರು ಮತದಾರರು ಎಂಬ ಪ್ರಶ್ನೆಯೇ ಅಲ್ಲಿ ಮತ್ತೊಂದು ಜಗಳ. ತಲೆಮಾರುಗಳಿಂದ ತೊನ್ಲೆ ಸಾಪ್ ಸರೋವರದಲ್ಲಿ ಮೀನು ಹಿಡಿದು ಬದುಕುತ್ತಿದ್ದ ವಿಯೆಟ್ನಾಂ ಮೂಲದವರನ್ನು ಹುನ್ ಸೆನ್ ವಿರೋಧಿ ಪಕ್ಷಗಳು ಒಳನುಸುಳಿದವರೆಂದೇ ಕರೆಯುತ್ತಿದ್ದವು. ಅರ್ಜಿದಾರ ಕಾಂಬೋಡಿಯಾದಲ್ಲಿ ಹುಟ್ಟಿದ್ದರೆ ಸಾಲದು, ತಂದೆ ತಾಯಿಯರಲ್ಲಿ ಒಬ್ಬರಾದರೂ ಅಲ್ಲೇ ಹುಟ್ಟಿರಬೇಕು ಎಂಬ ನಿಯಮ ಬಂತು. ಹೊರದೇಶದಲ್ಲಿದ್ದ ಕಾಂಬೋಡಿಯನ್ನರಿಗೆ ಪ್ಯಾರಿಸ್, ನ್ಯೂಯಾರ್ಕ್, ಸಿಡ್ನಿಗಳಲ್ಲಿ ಮತಗಟ್ಟೆ ಇಟ್ಟರು. ಸರೋವರದ ಮೀನುಗಾರರಿಗೆ ಸಿಕ್ಕಿದ್ದು ಬೇರೆ. 1993ರ ಮಾರ್ಚ್‌ನಲ್ಲಿ ಸಿಯೆಮ್ ರೀಪ್ ಬಳಿಯ ಚೋಂಗ್ ಕ್ನಿಯಾಸ್ ಎಂಬ ತೇಲುವ ಊರಿನಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಸಾವಿರಾರು ಕುಟುಂಬಗಳು ದೋಣಿಗಳಲ್ಲೇ ವಿಯೆಟ್ನಾಂ ಕಡೆಗೆ ಹೊರಟುಹೋದವು. ಚುನಾವಣೆಯ ಸಾಧನೆಯನ್ನು ಹೊಗಳುವ ಬರಹಗಳಲ್ಲಿ ಈ ಸಂಗತಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ಥಾಯ್ ಗಡಿಯ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದಿದ್ದ ಮೂರೂವರೆ ಲಕ್ಷಕ್ಕೂ ಹೆಚ್ಚು ನಿರಾಶ್ರಿತರನ್ನು ಮತದಾನಕ್ಕೆ ಮೊದಲು ಊರಿಗೆ ಕರೆತರುವುದು ಇನ್ನೊಂದು ಕೆಲಸ. ಅದನ್ನು ನೋಡಿಕೊಂಡವರು ಬ್ರೆಜಿಲ್‌ನ ಸೆರ್ಜಿಯೊ ವಿಯೇರಾ ದೆ ಮೆಲೊ. ಮೊದಲು ಕುಟುಂಬಕ್ಕಿಷ್ಟು ಎಂದು ಜಮೀನಿನ ಆಸೆ ತೋರಿಸಿದ್ದರು. ನೆಲಬಾಂಬ್ ಇಲ್ಲದ ಅಷ್ಟು ನೆಲ ಎಲ್ಲಿಂದ ಬರಬೇಕು? ಕೊನೆಗೆ ದೊಡ್ಡವರಿಗೆ 50 ಡಾಲರ್, ಮಕ್ಕಳಿಗೆ 25 ಡಾಲರ್ ನಗದು ಎಂದಾಯಿತು. ಹೆಚ್ಚಿನವರು ದುಡ್ಡನ್ನೇ ಆರಿಸಿಕೊಂಡರು. ಇದೇ ಹೊತ್ತಿನಲ್ಲಿ ವಿಶ್ವಸಂಸ್ಥೆಯ ವಿದೇಶಿ ಸಿಬ್ಬಂದಿಗೆ ದಿನಭತ್ಯೆಯೇ 145 ಡಾಲರ್ ಸಿಗುತ್ತಿತ್ತು. ನೊಮ್ ಪೆನ್ನಿನ ಬಾಡಿಗೆ, ಬಿಯರು, ಅಕ್ಕಿ ಎಲ್ಲದರ ಬೆಲೆ ಏಕೆ ಗಗನಕ್ಕೇರಿತೆಂದು ಬೇರೆ ಹೇಳಬೇಕಿಲ್ಲ.

ಇಷ್ಟೆಲ್ಲ ಆಗುತ್ತಿದ್ದರೂ ಒಪ್ಪಂದದ ಮುಖ್ಯ ಕಂಬವೇ ಕುಸಿದಿತ್ತು. ನಾಲ್ಕೂ ಬಣಗಳ ಸುಮಾರು ಎರಡು ಲಕ್ಷ ಸೈನಿಕರು ನಿಗದಿತ ಶಿಬಿರಗಳಿಗೆ ಬಂದು ಆಯುಧ ಒಪ್ಪಿಸಬೇಕು, ಅವರಲ್ಲಿ ಹೆಚ್ಚಿನವರು ಮನೆಗೆ ಹೋಗಬೇಕು, ಆಮೇಲೆ ಮತದಾನ. ಇದು ಕಾಗದದ ಮೇಲಿನ ಲೆಕ್ಕ. ಖ್ಮೇರ್ ರೂಜ್ ಒಬ್ಬನನ್ನೂ ಕಳುಹಿಸುವ ಮನಸ್ಸು ಮಾಡಲಿಲ್ಲ. ಅವರು ಬಾರದೆ ನಾವೇಕೆ ಬರಿಗೈಯಾಗಬೇಕು ಎಂದು ಉಳಿದವರೂ ಹಿಂಜರಿದರು. ಐವತ್ತು ಸಾವಿರ ಚಿಲ್ಲರೆ ಸೈನಿಕರು ಶಿಬಿರಕ್ಕೆ ಬರುವ ಹೊತ್ತಿಗೆ ಇಡೀ ಯೋಜನೆ ನಿಂತೇ ಹೋಯಿತು.

ಇನ್ನೊಂದು ಕಂಬ ಆಡಳಿತ. ಹುನ್ ಸೆನ್ ಸರ್ಕಾರವೇ ಗದ್ದುಗೆಯಲ್ಲಿದ್ದುಕೊಂಡು ತಾನೂ ಸ್ಪರ್ಧಿಸುತ್ತಿದ್ದರಿಂದ ರಕ್ಷಣೆ, ವಿದೇಶಾಂಗ, ಹಣಕಾಸು, ಗೃಹ, ವಾರ್ತೆ ಈ ಐದು ಖಾತೆಗಳನ್ನು ವಿಶ್ವಸಂಸ್ಥೆ ನೇರ ಹತೋಟಿಗೆ ತೆಗೆದುಕೊಳ್ಳಬೇಕಿತ್ತು. ನಮ್ಮಲ್ಲಿ ನೀತಿಸಂಹಿತೆ ಜಾರಿಯಾದರೆ ಜಿಲ್ಲಾಧಿಕಾರಿಯೂ ಎಸ್‌ಪಿಯೂ ಚುನಾವಣಾ ಆಯೋಗದ ಮಾತು ಕೇಳಲೇಬೇಕು. ಅವರನ್ನು ವರ್ಗ ಮಾಡುವ ಅಧಿಕಾರ ಅದಕ್ಕಿದೆ. ಅಕಾಶಿ ತಂಡಕ್ಕೆ ಆ ಅಧಿಕಾರ ಕಾಗದದಲ್ಲಿತ್ತು, ಆದರೆ ಕಡತಗಳು ಖ್ಮೇರ್ ಭಾಷೆಯಲ್ಲಿದ್ದವು, ಆದೇಶಗಳು ಬಾಯಿಮಾತಿನಲ್ಲಿ ಹೋಗುತ್ತಿದ್ದವು, ಜಿಲ್ಲೆ ಹಳ್ಳಿಗಳ ಪೊಲೀಸರೆಲ್ಲ ಪಕ್ಷದವರೇ. ರಾಜಕೀಯ ಕೊಲೆಗಳು ನಿಲ್ಲಲಿಲ್ಲ. 1993ರ ಜನವರಿಯಲ್ಲಿ ವಿಶೇಷ ಅಭಿಯೋಜಕರನ್ನು ನೇಮಿಸಿದರು. ಅವರು ಹಿಡಿದು ತಂದ ಆರೋಪಿಯ ವಿಚಾರಣೆ ನಡೆಸಲು ಸ್ಥಳೀಯ ನ್ಯಾಯಾಲಯ ಒಪ್ಪಲೇ ಇಲ್ಲ.

ಹಳ್ಳಿಗಳಲ್ಲಿ ಅಧಿಕಾರಿಗಳು ಮನೆಮನೆಗೆ ಹೋಗಿ ಜನರ ನೋಂದಣಿ ಕಾರ್ಡನ್ನು ಕಸಿದುಕೊಳ್ಳುವುದೋ, ಅದರ ಸಂಖ್ಯೆ ಬರೆದುಕೊಳ್ಳುವುದೋ ನಡೆಯಿತು. ಯಾರಿಗೆ ಮತ ಹಾಕಿದೆ ಎಂದು ನಮಗೆ ಗೊತ್ತಾಗುತ್ತದೆ ಎಂಬ ಬೆದರಿಕೆಯ ವಿಧಾನ ಅದು. ಇದಕ್ಕೆ ವಿಶ್ವಸಂಸ್ಥೆ ಕೊಟ್ಟ ಉತ್ತರ ಆ ಇಡೀ ಕಾರ್ಯಾಚರಣೆಯಲ್ಲೇ ನನಗೆ ಬಹಳ ಹಿಡಿಸಿದ್ದು: ರೇಡಿಯೊ. 1992ರ ನವೆಂಬರ್‌ನಲ್ಲಿ ಶುರುವಾದ ವಿಶ್ವಸಂಸ್ಥೆಯ ಖ್ಮೇರ್ ಬಾನುಲಿಯಲ್ಲಿ ಎಲ್ಲ ಪಕ್ಷಗಳಿಗೂ ಸಮಾನ ಸಮಯ. ಜಪಾನಿನಿಂದ ಲಕ್ಷಗಟ್ಟಲೆ ರೇಡಿಯೊಗಳು ದಾನವಾಗಿ ಬಂದು ಹಳ್ಳಿಗಳಿಗೆ ಹಂಚಿಹೋದವು. ಮತ್ತೆ ಮತ್ತೆ ಅದು ಹೇಳುತ್ತಿದ್ದುದು ಎರಡು ಮಾತು. ನಿಮ್ಮ ಮತ ಗುಟ್ಟಾಗಿರುತ್ತದೆ. ಬಂದೂಕು ಹಿಡಿದವನು ನನ್ನ ಪಕ್ಷಕ್ಕೇ ಹಾಕುತ್ತೇನೆಂದು ಮಾತು ಕೊಡು ಎಂದರೆ ಧಾರಾಳವಾಗಿ ಕೊಟ್ಟುಬಿಡಿ. ಮತಗಟ್ಟೆಯ ಮರೆಯಲ್ಲಿ ನಿಮಗೆ ಬೇಕಾದವರಿಗೆ ಹಾಕಿ. ಆಣೆ ತಪ್ಪಿದರೆ ಪಾಪ ಸುತ್ತಿಕೊಳ್ಳುತ್ತದೆ ಎಂದು ನಂಬುವ ಬೌದ್ಧರ ನಾಡಿನಲ್ಲಿ, ಬೆದರಿಸಿ ತೆಗೆದುಕೊಂಡ ಮಾತಿಗೆ ಬೆಲೆಯಿಲ್ಲ ಎಂದು ರೇಡಿಯೊ ಮೂಲಕ ಹೇಳಿಸುವುದು ಸಣ್ಣ ಕೆಲಸವೇನಲ್ಲ.

ಏಪ್ರಿಲ್‌ನಲ್ಲಿ ಕೊಂಪೊಂಗ್ ಥೊಮ್ ಪ್ರಾಂತ್ಯದಲ್ಲಿ ಚುನಾವಣಾ ಕೆಲಸಕ್ಕೆ ಬಂದಿದ್ದ ಜಪಾನಿನ ತರುಣ ಸ್ವಯಂಸೇವಕನೂ ಅವನ ಕಾಂಬೋಡಿಯನ್ ದುಭಾಷಿಯೂ ಕೊಲೆಯಾದರು. ಕೆಲವು ಸ್ವಯಂಸೇವಕರು ಗಂಟುಮೂಟೆ ಕಟ್ಟಿದರು. ಖ್ಮೇರ್ ರೂಜ್ ಬಹಿಷ್ಕಾರ ಘೋಷಿಸಿ ಮೇ ಮೊದಲ ವಾರದಲ್ಲಿ ಸಿಯೆಮ್ ರೀಪ್ ಪಟ್ಟಣದ ಮೇಲೇ ದಾಳಿ ಮಾಡಿತು. ಮಾರ್ಚ್‌ನಿಂದ ಮೇ ನಡುವೆ ಹಿಂಸೆಗೆ ಸತ್ತವರು ಸುಮಾರು ಇನ್ನೂರು. ಮುಂದೂಡಬೇಕೇ ಎಂಬ ಪ್ರಶ್ನೆ ಎಲ್ಲರ ಬಾಯಲ್ಲಿತ್ತು. ಮುಂದೂಡಿದರೆ ಮಳೆಗಾಲ, ಮಳೆಗಾಲ ಮುಗಿಯುವವರೆಗೆ ಇಪ್ಪತ್ತೆರಡು ಸಾವಿರ ಜನರ ಸಂಬಳ, ಅಷ್ಟರಲ್ಲಿ ದುಡ್ಡು ಕೊಡುವ ದೇಶಗಳ ತಾಳ್ಮೆಯೂ ಮುಗಿದಿರುತ್ತದೆ. ನಡೆಸುವುದೆಂದೇ ತೀರ್ಮಾನವಾಯಿತು. ಅಪಾಯದ ಜಾಗಗಳಲ್ಲಿ ಮತಗಟ್ಟೆಗಳ ಸುತ್ತ ಮರಳಿನ ಚೀಲ ಪೇರಿಸಿದರು, ಸಿಬ್ಬಂದಿಗೆ ಹೆಲ್ಮೆಟ್, ಗುಂಡುನಿರೋಧಕ ಅಂಗಿ ಹಂಚಿದರು.

ಮೇ 23ರ ಬೆಳಿಗ್ಗೆ, ಇನ್ನೂ ಬೆಳಕು ಹರಿಯುವ ಮುನ್ನವೇ, ಜನ ಹಬ್ಬದ ಬಟ್ಟೆ ತೊಟ್ಟು ಬಂದು ನಿಂತಿದ್ದರು. ಹೆಲ್ಮೆಟ್ ಹಾಕಿಕೊಂಡ ವಿದೇಶಿಯರು, ಎದುರಿಗೆ ರೇಷ್ಮೆ ಸಂಪೊತ್ ಉಟ್ಟ ಅಜ್ಜಿಯರು. ನೋಂದಾಯಿಸಿದವರಲ್ಲಿ ಶೇ 40ಕ್ಕೂ ಹೆಚ್ಚು ಮಂದಿ ಮೊದಲ ದಿನವೇ ಮತ ಹಾಕಿದರು. ಆರು ದಿನಗಳಲ್ಲಿ ಆ ಪ್ರಮಾಣ ಶೇ 90ರ ಹತ್ತಿರ ಬಂತು. ಖ್ಮೇರ್ ರೂಜ್ ಹೆದರಿಸಿದಂಥ ದೊಡ್ಡ ದಾಳಿ ನಡೆಯಲೇ ಇಲ್ಲ. ಕೆಲವು ಕಡೆ ಅವರ ಹಿಡಿತದ ಊರುಗಳಿಂದಲೇ ಜನ ಬಂದು ಮತ ಹಾಕಿ ಹೋದರು.

ಗುಟ್ಟು ಕಾಯುವ ಏರ್ಪಾಡಿನ ಬಗ್ಗೆ ಇಲ್ಲಿ ಒಂದಿಷ್ಟು ಹೇಳಲೇಬೇಕು. ತಮ್ಮ ಪ್ರಾಂತ್ಯದಿಂದ ಆಚೆ ಇದ್ದವರ ಮತಪತ್ರವನ್ನು ಎರಡು ಲಕೋಟೆಗಳಲ್ಲಿಟ್ಟು, ಹೊರಗಿನದರ ಮೇಲೆ ವಿವರ ಬರೆದು, ಅರ್ಹತೆ ಖಚಿತವಾದ ಮೇಲಷ್ಟೇ ಒಳಗಿನದನ್ನು ಎಣಿಕೆಗೆ ಸೇರಿಸುತ್ತಿದ್ದರು. ಎಣಿಕೆ ನಡೆದದ್ದು ಹಳ್ಳಿಗಳಲ್ಲಲ್ಲ, ಪ್ರಾಂತ್ಯ ಮಟ್ಟದಲ್ಲಿ. ಯಾವ ಊರು ಯಾರಿಗೆ ಹಾಕಿತು ಎಂಬುದು ಹಳ್ಳಿಯ ಪೊಲೀಸನಿಗೆ ತಿಳಿಯಬಾರದು ಎಂಬುದು ಇದರ ಲಾಭ. ಐದು ವರ್ಷ ಬಿಟ್ಟು 1998ರಲ್ಲಿ ಸ್ಥಳೀಯ ಮಟ್ಟದಲ್ಲೇ ಎಣಿಸತೊಡಗಿದಾಗ ವಿರೋಧ ಪಕ್ಷಗಳು ಹೆದರಿದ್ದು ಇದಕ್ಕೇ. ನಮ್ಮಲ್ಲಿ ಮತಪತ್ರದ ಕಾಲದಲ್ಲಿ, ಬೆದರಿಕೆಯ ಸಂಶಯವಿದ್ದ ಕಡೆ ಹಲವು ಬೂತ್‌ಗಳ ಮತಪತ್ರ ಬೆರೆಸಿ ಎಣಿಸಲು ನಿಯಮವೇ ಇತ್ತು. ಈಗ ಮತಯಂತ್ರ ಬಂದು ಬೂತ್‌ವಾರು ಲೆಕ್ಕ ಎಲ್ಲರ ಮೊಬೈಲಿನಲ್ಲಿದೆ. ನಿಮ್ಮ ಓಣಿಯಿಂದ ನಮಗೆಷ್ಟು ಬಿತ್ತು ನೋಡಿದ್ದೇವೆ ಎನ್ನುವ ಕಾರ್ಪೊರೇಟರುಗಳನ್ನು ನಾವೂ ಕಂಡಿದ್ದೇವೆ. ಯುದ್ಧ ಮುಗಿದ ಊರಿನಲ್ಲಿ ಆ ಮಾತು ಹೇಳುವವನ ಹೆಗಲಲ್ಲಿ ಬಂದೂಕಿರುತ್ತದೆ.

ಬೆರಳಿನ ಶಾಯಿಯೂ ಹಾಗೆಯೇ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಕಟ್ಟಿಸಿದ ಅರಗು ಮತ್ತು ಬಣ್ಣದ ಕಾರ್ಖಾನೆ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಮಹಾಚುನಾವಣೆಯಿಂದ ಭಾರತದ ಮತದಾರರ ಬೆರಳಿಗೆ ಅದರದೇ ಶಾಯಿ. ಅದರೊಳಗಿನ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹತ್ತಿ, ಬೆಳಕಿಗೆ ಕಪ್ಪಾಗಿ, ಉಗುರು ಬೆಳೆದು ಹೋಗುವವರೆಗೆ ಉಳಿಯುತ್ತದೆ. ಅದೇ ಶಾಯಿ ಮುಂದಿನ ವರ್ಷಗಳಲ್ಲಿ ಕಾಂಬೋಡಿಯಾಕ್ಕೂ, ಸಿಯೆರಾ ಲಿಯೋನ್‌ಗೂ, ನೇಪಾಳಕ್ಕೂ ಹೋಯಿತು. ನಾವು ಕಡ್ಡಿಯಲ್ಲಿ ಗೆರೆ ಎಳೆಸಿಕೊಳ್ಳುತ್ತೇವೆ, ಕಾಂಬೋಡಿಯಾದಲ್ಲಿ ಬೆರಳನ್ನೇ ಬಾಟಲಿಯೊಳಗೆ ಅದ್ದುತ್ತಾರೆ. ನಮಗೆ ಆ ಗುರುತು ಸೆಲ್ಫಿಗೆ ಒದಗುವ ಹೆಮ್ಮೆ. 2014ರ ಜೂನ್‌ನಲ್ಲಿ ಅಫ್ಗಾನಿಸ್ತಾನದ ಹೆರಾತ್ ಪ್ರಾಂತ್ಯದಲ್ಲಿ ಮತ ಹಾಕಿ ಬರುತ್ತಿದ್ದ ಹನ್ನೊಂದು ಮಂದಿಯ ಶಾಯಿ ಹತ್ತಿದ ಬೆರಳುಗಳನ್ನು ತಾಲಿಬಾನಿಗಳು ಕತ್ತರಿಸಿದರು. ಸಿಯೆರಾ ಲಿಯೋನ್‌ನಲ್ಲಿ 1996ರ ಚುನಾವಣೆಯ ಸುತ್ತಮುತ್ತ, ಮತ ಹಾಕುವ ಕೈಯೇ ಇರಬಾರದೆಂದು ಬಂಡುಕೋರರು ಹಳ್ಳಿಗರ ಕೈಗಳನ್ನೇ ಕಡಿದರು. 2002ರಲ್ಲಿ ಶಾಂತಿ ಬಂದು ಮತದಾನ ನಡೆದಾಗ ಅವರಲ್ಲಿ ಕೆಲವರು ಕಾಲ್ಬೆರಳಿನಿಂದ ಮತ ಹಾಕಿದರು. ಎರಡು ಸಲ ಮತ ಹಾಕುವ ಕಳ್ಳನನ್ನು ತಡೆಯುವುದೋ, ಒಂದು ಸಲ ಮತ ಹಾಕಿದ ಬಡಪಾಯಿಯನ್ನು ಉಳಿಸುವುದೋ, ಶಾಯಿಯ ವಿಷಯದಲ್ಲಿ ಎರಡೂ ಒಟ್ಟಿಗೆ ಸುಲಭವಲ್ಲ. ದಕ್ಷಿಣ ಆಫ್ರಿಕಾ 1994ರಲ್ಲಿ ಬರಿಗಣ್ಣಿಗೆ ಕಾಣದ, ನೇರಳಾತೀತ ದೀಪದಡಿ ಮಾತ್ರ ಹೊಳೆಯುವ ಶಾಯಿ ಬಳಸಿತು.

ಕಾಂಬೋಡಿಯಾದ ಫಲಿತಾಂಶಕ್ಕೆ ಬರೋಣ. ಸಿಹಾನೂಕ್ ಮಗ ರಣರಿದ್ಧ್ ನೇತೃತ್ವದ ಫುನ್‌ಸಿನ್‌ಪೆಕ್ ಪಕ್ಷಕ್ಕೆ ಶೇ 45ರಷ್ಟು ಮತ, 120ರಲ್ಲಿ 58 ಸ್ಥಾನ. ಹುನ್ ಸೆನ್ ಪಕ್ಷಕ್ಕೆ ಶೇ 38, ಸ್ಥಾನ 51. ಬೆದರಿಸಿ ಮಾತು ತೆಗೆದುಕೊಂಡವರಿಗೆ ರೇಡಿಯೊ ಕೇಳಿದವರು ಉತ್ತರ ಕೊಟ್ಟಿದ್ದರು. ಎಣಿಕೆ ಶುರುವಾಗುವಾಗಲೇ ಅಕಾಶಿ ಮತದಾನ ಮುಕ್ತವೂ ನ್ಯಾಯಯುತವೂ ಆಗಿತ್ತೆಂದು ಸಾರಿಯೂ ಆಗಿತ್ತು.

ಸೋತವರು ಒಪ್ಪಲಿಲ್ಲ. ಸಾಗಣೆಯಲ್ಲಿ ಕೆಲವು ಮತಪೆಟ್ಟಿಗೆಗಳ ಮುದ್ರೆ ಒಡೆದಿದ್ದನ್ನು ಹಿಡಿದುಕೊಂಡು ಹಲವು ಪ್ರಾಂತ್ಯಗಳಲ್ಲಿ ಮರುಮತದಾನ ಕೇಳಿದರು. ಜೂನ್ 10ರಂದು ಅಂತಿಮ ಫಲಿತಾಂಶ ಹೊರಬಿದ್ದ ಹೊತ್ತಿಗೇ ಹುನ್ ಸೆನ್ ಪಕ್ಷದಲ್ಲಿದ್ದ ಸಿಹಾನೂಕ್‌ರ ಇನ್ನೊಬ್ಬ ಮಗ ಚಕ್ರಪೊಂಗ್, ಪೂರ್ವದ ಪ್ರಾಂತ್ಯಗಳು ದೇಶದಿಂದ ಬೇರೆಯಾದವು ಎಂದು ಘೋಷಿಸಿದರು. ಅಲ್ಲಿದ್ದ ವಿಶ್ವಸಂಸ್ಥೆಯ ಸಿಬ್ಬಂದಿ ಕಾಲುಕಿತ್ತರು. ಗೆದ್ದ ರಣರಿದ್ಧ್ ಬಳಿ ಮತಗಳಿದ್ದವು. ಸೇನೆ, ಪೊಲೀಸು, ಖಜಾನೆ, ಹಳ್ಳಿಯ ಮುಖ್ಯಸ್ಥರೆಲ್ಲ ಸೋತವರ ಬಳಿ ಇದ್ದರು. ಕೆಲವೇ ದಿನಗಳಲ್ಲಿ ಪ್ರತ್ಯೇಕತೆ ಕರಗಿತು, ಅದರ ಹಿಂದಿನ ಬೆಲೆ ಮಾತ್ರ ಸಂದಾಯವಾಯಿತು. ಸಿಹಾನೂಕ್ ನಡುವೆ ನಿಂತು ಮಾಡಿಸಿದ ರಾಜಿಯಂತೆ ದೇಶಕ್ಕೆ ಇಬ್ಬರು ಪ್ರಧಾನಿಗಳು. ಮೊದಲನೆಯವರು ರಣರಿದ್ಧ್, ಎರಡನೆಯವರು ಹುನ್ ಸೆನ್.

ಇದನ್ನು ಮೋಸ ಎನ್ನುವವರಿದ್ದಾರೆ. ನಾನೂ ಹಾಗೆಯೇ ಅಂದುಕೊಳ್ಳುತ್ತಿದ್ದೆ, ಅದೇ ಹೊತ್ತಿನ ಅಂಗೋಲಾವನ್ನು ಪಕ್ಕದಲ್ಲಿಟ್ಟು ನೋಡದಿದ್ದರೆ.

1992ರ ಅಕ್ಟೋಬರ್ ಮೊದಲ ವಾರ ಈ ವಿಷಯದಲ್ಲಿ ವಿಚಿತ್ರವಾದ ವಾರ. ಕಾಂಬೋಡಿಯಾದಲ್ಲಿ ನೋಂದಣಿ ಶುರುವಾಗುವ ಐದಾರು ದಿನ ಮೊದಲು, ಸೆಪ್ಟೆಂಬರ್ 29 ಮತ್ತು 30ರಂದು, ಅಂಗೋಲಾದಲ್ಲಿ ಮತದಾನ ನಡೆದು ಎಣಿಕೆ ಸಾಗಿತ್ತು. ಅಕ್ಟೋಬರ್ 4ರಂದು ರೋಮ್‌ನಲ್ಲಿ ಮೊಜಾಂಬಿಕ್‌ನ ಸರ್ಕಾರವೂ ಬಂಡುಕೋರರೂ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಎರಡೂ ಪೋರ್ಚುಗೀಸರು 1975ರಲ್ಲಿ ಬಿಟ್ಟುಹೋದ ವಸಾಹತುಗಳು, ಎರಡರಲ್ಲೂ ಆಮೇಲೆ ಅಂತರ್ಯುದ್ಧ.

ಅಂಗೋಲಾದಲ್ಲಿ ವಿಶ್ವಸಂಸ್ಥೆಯ ಪ್ರತಿನಿಧಿ ಬ್ರಿಟನ್ನಿನ ಮಾರ್ಗರೆಟ್ ಆನ್‌ಸ್ಟೀ. ಭದ್ರತಾ ಮಂಡಳಿ ಅವರಿಗೆ ಕೊಟ್ಟ ನಿರ್ಣಯದ ಸಂಖ್ಯೆ 747. ಓಡಿಸಲು ಜಂಬೊ ಜೆಟ್ ಕೊಟ್ಟು ಪುಟ್ಟ ಡಿಸಿ-3 ವಿಮಾನಕ್ಕಾಗುವಷ್ಟು ಇಂಧನ ತುಂಬಿದ್ದಾರೆ ಎಂದು ಅವರು ತಮಾಷೆ ಮಾಡುತ್ತಿದ್ದರಂತೆ. ಕಾಂಬೋಡಿಯಾಕ್ಕಿಂತ ಏಳುಪಟ್ಟು ದೊಡ್ಡ ದೇಶಕ್ಕೆ ಅವರ ಬಳಿ ಇದ್ದ ಸೇನಾ ವೀಕ್ಷಕರು ಸುಮಾರು 350. ಎರಡೂ ಕಡೆಯ ಸೇನೆಗಳನ್ನು ವಿಸರ್ಜಿಸಿ ಒಂದೇ ಸೇನೆ ಮಾಡಿದ್ದೇವೆಂಬ ಘೋಷಣೆ ಬಂದದ್ದು ಮತದಾನಕ್ಕೆ ಎರಡೇ ದಿನ ಮುಂಚೆ, ಅದೂ ಹೆಸರಿಗೆ. ಬಹುಪಾಲು ಸೈನಿಕರು ತಮ್ಮ ತಮ್ಮ ನಾಯಕರ ಹಿಂದೆಯೇ ಇದ್ದರು.

ಮತದಾನ ಮಾತ್ರ ಸೊಗಸಾಗಿ ನಡೆಯಿತು, ಶೇ 90ಕ್ಕೂ ಹೆಚ್ಚು ಜನ ಬಂದರು. ಅಧ್ಯಕ್ಷ ಚುನಾವಣೆಯಲ್ಲಿ ಅಧಿಕಾರದಲ್ಲಿದ್ದ ಡೊಸ್ ಸಾಂಟೊಸ್‌ಗೆ ಶೇ 49.57, ಎದುರಾಳಿ ಬಂಡುಕೋರ ನಾಯಕ ಜೊನಾಸ್ ಸವಿಂಬಿಗೆ ಶೇ 40.07. ಯಾರಿಗೂ ಅರ್ಧ ದಾಟದ್ದರಿಂದ ಎರಡನೇ ಸುತ್ತು ನಡೆಯಬೇಕಿತ್ತು. ಆದರೆ ಗೆದ್ದವನಿಗೆ ಎಲ್ಲ, ಸೋತವನಿಗೆ ಏನೂ ಇಲ್ಲ ಎಂಬ ಹುದ್ದೆ ಅದು. ಎಣ್ಣೆ, ವಜ್ರ, ಸೇನೆ ಎಲ್ಲ ಒಬ್ಬನಿಗೇ. ಸವಿಂಬಿ ಮೋಸವಾಗಿದೆ ಎಂದು ಕಾಡಿನ ದಾರಿ ಹಿಡಿದರು. ಅಕ್ಟೋಬರ್ ಕೊನೆಗೆ ಲುವಾಂಡಾದಲ್ಲಿ ಅವರ ಬೆಂಬಲಿಗರನ್ನು ಬೀದಿಬೀದಿಯಲ್ಲಿ ಕೊಂದರು. 1993ರಲ್ಲಿ ಅಲ್ಲಿ ದಿನಕ್ಕೆ ಸಾವಿರದವರೆಗೆ ಜನ ಸಾಯುತ್ತಿದ್ದಾರೆಂದು ವಿಶ್ವಸಂಸ್ಥೆ ಅಂದಾಜು ಮಾಡಿತು. ಯುದ್ಧ ಮುಗಿದದ್ದು 2002ರ ಫೆಬ್ರುವರಿಯಲ್ಲಿ ಸವಿಂಬಿ ಗುಂಡಿಗೆ ಬಲಿಯಾದ ಮೇಲೆ. ಒಂದು ಒಳ್ಳೆಯ ಮತದಾನ, ಅದರ ಹಿಂದೆಯೇ ಇನ್ನೊಂದು ದಶಕದ ಯುದ್ಧ. ಇದನ್ನು ನೋಡಿದ ಮೇಲೆ ನೊಮ್ ಪೆನ್ನಿನ ಇಬ್ಬರು ಪ್ರಧಾನಿಗಳನ್ನು ನೋಡಿ ನಗುವುದು ಕಷ್ಟ.

ಮೊಜಾಂಬಿಕ್‌ನಲ್ಲಿ ವಿಶ್ವಸಂಸ್ಥೆಯ ಪ್ರತಿನಿಧಿಯಾಗಿ ಬಂದ ಇಟಲಿಯ ಆಲ್ದೊ ಆಯೆಲ್ಲೊ ಕಣ್ಣೆದುರು ಅಂಗೋಲಾ ಉರಿಯುತ್ತಿತ್ತು. 1993ರ ಅಕ್ಟೋಬರ್‌ಗೆ ನಿಗದಿಯಾಗಿದ್ದ ಚುನಾವಣೆಯನ್ನು ಅವರು ಪೂರ್ತಿ ಒಂದು ವರ್ಷ ಮುಂದೆ ಹಾಕಿಸಿದರು. ಮೊದಲು ಸೈನಿಕರು ಮನೆಗೆ, ಆಮೇಲೆ ಜನ ಮತಗಟ್ಟೆಗೆ. ಎಪ್ಪತ್ತು ಸಾವಿರಕ್ಕೂ ಹೆಚ್ಚು ಸೈನಿಕರು ಆಯುಧ ಒಪ್ಪಿಸಿ, ಸಾದಾ ಬಟ್ಟೆ ಹಾಕಿಕೊಂಡು, ಊರಿಗೆ ಹೋಗುವ ಲಾರಿ ಹತ್ತಿದರು. ಒಟ್ಟು ಎರಡು ವರ್ಷದ ಭತ್ಯೆ ಅವರಿಗೆ ಒಂದೇ ಸಲ ಕೈಗೆ ಬರಲಿಲ್ಲ. ತಮ್ಮ ಜಿಲ್ಲೆಯ ಬ್ಯಾಂಕಿನಲ್ಲಿ ಕಂತು ಕಂತಾಗಿ ಪಡೆಯಬೇಕು. ಅಂದರೆ ಊರಲ್ಲೇ ಇದ್ದರೆ ದುಡ್ಡು, ಕಾಡಿಗೆ ಮರಳಿದರೆ ಇಲ್ಲ. ಎಷ್ಟೊಂದು ಸರಳ, ಎಷ್ಟು ಜಾಣ ಏರ್ಪಾಡು! ಒಟ್ಟು ಕಾರ್ಯಾಚರಣೆಯಲ್ಲಿ ಭಾರತದ ಸೈನಿಕ ತುಕಡಿಗಳೂ ಇದ್ದವು.

ಇನ್ನೂ ಧೈರ್ಯದ ಕೆಲಸ ಬಂಡುಕೋರ ನಾಯಕರ ವಿಷಯದಲ್ಲಿ ನಡೆಯಿತು. ರೆನಾಮೊ ಎಂಬ ಆ ಪಡೆಗೆ ಕಾಡಿನಲ್ಲಿ ಯುದ್ಧ ಮಾಡಲು ಗೊತ್ತಿತ್ತು, ರಾಜಧಾನಿಯಲ್ಲಿ ಒಂದು ಕಚೇರಿ ಇಟ್ಟುಕೊಳ್ಳಲು ಗೊತ್ತಿರಲಿಲ್ಲ. ಅದನ್ನು ರಾಜಕೀಯ ಪಕ್ಷವಾಗಿ ಮಾಡಲೆಂದೇ ಒಂದು ನಿಧಿ ಸ್ಥಾಪಿಸಿದರು, ಅದಕ್ಕೆ ದೊಡ್ಡ ಪಾಲು ಇಟಲಿಯದು. ಮನೆ, ಕಾರು, ಫ್ಯಾಕ್ಸ್ ಯಂತ್ರ, ಸೂಟು, ಹೋಟೆಲ್ ಬಿಲ್ಲು. ಕೊಲೆಗಾರರಿಗೆ ಲಂಚ ಕೊಡುತ್ತಿದ್ದೀರಿ ಎಂದು ಟೀಕೆ ಬಂತು. ನಿಜ, ಅದು ಲಂಚವೇ. ಆ ನಿಧಿಯ ಒಟ್ಟು ಖರ್ಚು ಯುದ್ಧದ ಕೆಲವೇ ದಿನಗಳ ಖರ್ಚಿಗೆ ಸಮ ಎಂದುಕೊಂಡರೂ, ಹಳ್ಳಿ ಸುಟ್ಟವನಿಗೆ ಸೂಟು ಹೊಲಿಸಿಕೊಡುವ ದೃಶ್ಯ ನೋಡಿದ ತಾಯಿಯ ಮುಂದೆ ಆ ಲೆಕ್ಕ ಹೇಳುವ ಬಾಯಿ ಬೇಕಲ್ಲ.

1994ರ ಅಕ್ಟೋಬರ್ 27ರಂದು ಮತದಾನ. ಅದರ ಹಿಂದಿನ ರಾತ್ರಿ ರೆನಾಮೊ ನಾಯಕ ಅಫೊನ್ಸೊ ಧ್ಲಾಕಾಮಾ ಮೋಸದ ಸಂಶಯ ಹೇಳಿ ಕಣದಿಂದ ಹಿಂದೆ ಸರಿದರು. ಒಂದಿಡೀ ದಿನ ರಾಯಭಾರಿಗಳು ಓಡಾಡಿದರು, ನೆರೆಯ ದೇಶಗಳ ಮುಖಂಡರು ಫೋನ್ ಮಾಡಿದರು. ಮರುದಿನ ಅವರು ಮರಳಿ ಬಂದರು. ಎರಡು ದಿನದ ಮತದಾನ ಮೂರು ದಿನಕ್ಕೆ ವಿಸ್ತರಿಸಿತು. ಅಧ್ಯಕ್ಷ ಜೊವಾಕಿಮ್ ಚಿಸಾನೊಗೆ ಶೇ 53, ಧ್ಲಾಕಾಮಾಗೆ ಸುಮಾರು ಶೇ 34. ಸಂಸತ್ತಿನ 250ರಲ್ಲಿ ಸರ್ಕಾರಿ ಪಕ್ಷಕ್ಕೆ 129, ರೆನಾಮೊಗೆ 112. ಸೋತರೂ ನೂರಹನ್ನೆರಡು ಮಂದಿಗೆ ಸಂಬಳ, ಕುರ್ಚಿ, ಮಾತಾಡುವ ಮೈಕು ಸಿಕ್ಕಿತು. ಕಾಡಿಗೆ ಹೋಗಬೇಕೆಂದರೂ ಹಿಂದೆ ಬರಲು ಸೇನೆ ಉಳಿದಿರಲಿಲ್ಲ. ಧ್ಲಾಕಾಮಾ ಗೊಣಗುತ್ತಲೇ ಫಲಿತಾಂಶ ಒಪ್ಪಿದರು.

ನಮ್ಮ ಪಕ್ಕದ ನೇಪಾಳ ಇದಕ್ಕಿಂತ ನಯವಾದ ಉಪಾಯವೊಂದನ್ನು ಕಂಡುಕೊಂಡಿತು. ಹತ್ತು ವರ್ಷ ಹೋರಾಡಿದ ಮಾವೋವಾದಿಗಳಿಗೆ ಶರಣಾದೆವೆಂಬ ಅವಮಾನ ಬೇಡ, ಸರ್ಕಾರಕ್ಕೆ ಬಂದೂಕಿನ ಭಯ ಬೇಡ. ಅದಕ್ಕಾಗಿ ಮಾವೋವಾದಿಗಳ ಸುಮಾರು 3,500 ಆಯುಧಗಳನ್ನು ಅವರ ಶಿಬಿರಗಳಲ್ಲೇ ಲೋಹದ ಕಂಟೇನರ್‌ಗಳಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಮಾವೋವಾದಿಗಳ ಬಳಿಯೇ. ವಿಶ್ವಸಂಸ್ಥೆಯ ಕಾವಲು, ಕ್ಯಾಮೆರಾ, ಬಾಗಿಲು ಮುಟ್ಟಿದರೆ ಕೂಗುವ ಸೈರನ್ ಹೊರಗೆ. ಅಷ್ಟೇ ಸಂಖ್ಯೆಯ ಆಯುಧಗಳನ್ನು ನೇಪಾಳದ ಸೇನೆಯೂ ಹೀಗೆಯೇ ಒಳಗಿಟ್ಟಿತು. ಸಂವಿಧಾನ ಸಭೆಯ ಚುನಾವಣೆ ಎರಡು ಸಲ ಮುಂದೆ ಹೋಗಿ 2008ರ ಏಪ್ರಿಲ್ 10ರಂದು ನಡೆದಾಗ, ಎಲ್ಲರ ಎಣಿಕೆ ತಲೆಕೆಳಗಾಗಿ ಮಾವೋವಾದಿಗಳೇ ಅತಿದೊಡ್ಡ ಪಕ್ಷವಾದರು. ಶಿಬಿರಗಳಲ್ಲಿದ್ದ ಹತ್ತೊಂಬತ್ತು ಸಾವಿರ ಚಿಲ್ಲರೆ ಯೋಧರ ಗತಿ ಏನೆಂಬುದು ತೀರ್ಮಾನವಾಗಲು ಮತ್ತೆ ನಾಲ್ಕು ವರ್ಷ ಹಿಡಿಯಿತು. ಹೆಚ್ಚಿನವರು ದುಡ್ಡು ತೆಗೆದುಕೊಂಡು ಮನೆಗೆ ಹೋದರು, ಸುಮಾರು ಒಂದೂವರೆ ಸಾವಿರ ಮಂದಿ ತಾವು ಎದುರಿಸಿದ ಸೇನೆಯನ್ನೇ ಸೇರಿದರು.

ಕಾಂಬೋಡಿಯಾದಲ್ಲಿ ರಣರಿದ್ಧ್ ಮತ್ತು ಹುನ್ ಸೆನ್ ಜೋಡಿಯ ಆಳ್ವಿಕೆ 1997ರ ಜುಲೈವರೆಗೆ ನಡೆಯಿತು. ಆಗ ಎರಡನೇ ಪ್ರಧಾನಿಯ ಟ್ಯಾಂಕ್‌ಗಳು ನೊಮ್ ಪೆನ್ನಿನ ಬೀದಿಗಿಳಿದವು, ಮೊದಲನೇ ಪ್ರಧಾನಿ ದೇಶದಾಚೆ ಇದ್ದರು. ಆನಂತರವೂ ಐದೈದು ವರ್ಷಕ್ಕೊಮ್ಮೆ ಚುನಾವಣೆ ತಪ್ಪಲಿಲ್ಲ. ಮುಖ್ಯ ವಿರೋಧ ಪಕ್ಷವನ್ನು ನ್ಯಾಯಾಲಯ 2017ರಲ್ಲಿ ವಿಸರ್ಜಿಸಿದ ಮೇಲೆ 2018ರಲ್ಲಿ ಹುನ್ ಸೆನ್ ಪಕ್ಷ 125ಕ್ಕೆ 125 ಸ್ಥಾನ ಗೆದ್ದಿತು. 2023ರಲ್ಲಿ ಪ್ರಧಾನಿ ಪಟ್ಟ ಮಗ ಹುನ್ ಮಾನೆತ್‌ಗೆ ಬಂತು. 1993ರಲ್ಲಿ ಸೋತವರಿಗೆ ದಾರಿ ತೋರಿಸಿದ್ದು ಸರಿ, ಆದರೆ ಆ ದಾರಿಯಲ್ಲಿ ಅವರು ಬಂದೂಕುಗಳ ಸಮೇತ ನಡೆದುಬಂದರು. ಮೊಜಾಂಬಿಕ್‌ಗೂ ಅದಕ್ಕೂ ಇರುವ ಅಂತರ ಅಲ್ಲಿದೆ.

ಮೊಜಾಂಬಿಕ್‌ನದೂ ಸುಖಾಂತವೇನಲ್ಲ. ಒಂದಾದ ಮೇಲೊಂದು ಚುನಾವಣೆಯಲ್ಲಿ ಸೋತು, ಪಾಲು ಕಿರಿದಾಗುತ್ತ ಹೋದಂತೆ ರೆನಾಮೊ 2013ರ ಹೊತ್ತಿಗೆ ಮತ್ತೆ ಬಂದೂಕೆತ್ತಿತು. ಉಳಿಸಿಕೊಂಡಿದ್ದ ಒಂದಷ್ಟು ಆಯುಧಗಳು ಎಲ್ಲೋ ಇದ್ದೇ ಇದ್ದವು. 2019ರಲ್ಲಿ ಇನ್ನೊಂದು ಒಪ್ಪಂದವಾಗಿ, ಅವರ ಕೊನೆಯ ಸೇನಾ ನೆಲೆ ಗೊರೊಂಗೊಸಾ ಬೆಟ್ಟದ ಸೀಮೆಯಲ್ಲಿ ಮುಚ್ಚಿದ್ದು 2023ರ ಜೂನ್‌ನಲ್ಲಿ, ರೋಮ್‌ನಲ್ಲಿ ಸಹಿಯಾದ ಮೂವತ್ತು ವರ್ಷಗಳ ಮೇಲೆ. 2024ರ ಅಕ್ಟೋಬರ್‌ನ ಚುನಾವಣೆಯಲ್ಲಿ ರೆನಾಮೊ ಅಧ್ಯಕ್ಷ ಅಭ್ಯರ್ಥಿ ಮೂರನೇ ಸ್ಥಾನಕ್ಕೆ ಜಾರಿದರು. ಎಣಿಕೆ ಮೋಸದ್ದೆಂದು ಈ ಸಲ ಬೀದಿಗಿಳಿದವರ ನಾಯಕ ಬೇರೆ, ವೆನಾನ್ಸಿಯೊ ಮೊಂಡ್ಲಾನೆ. ಅವರಿಗೆ ಕಾಡಿನಲ್ಲಿ ಸೇನೆ ಇರಲಿಲ್ಲ, ಕೈಯಲ್ಲಿದ್ದದ್ದು ಫೇಸ್‌ಬುಕ್ ಲೈವ್. ಪೊಲೀಸರ ಗುಂಡಿಗೂ ಗಲಭೆಗೂ ನೂರಾರು ಮಂದಿ ಸತ್ತರು. ಅವರಲ್ಲಿ ಬಹಳಷ್ಟು ಮಂದಿ 1994ರ ಆ ಮತದಾನದ ನಂತರ ಹುಟ್ಟಿದವರು.